ರುಚಿ ನೋಡದೆ ಮಾಡಿದ ಕೋಳಿ ಸಾರು

ಆ ಗುರುವಾರ ಎಲ್ಲ ಗುರುವಾರಗಳ ಹಾಗೆಯೇ ಇತ್ತು. ಕೋರಾ ಒಲೆಯ ಮುಂದೆ, ನಾನು ಸಿಂಕಿನ ಪಕ್ಕ. ಬೆಚ್ಚಗಿನ ನೀರಿನಲ್ಲಿ ನೆನೆಸಿದ ಕಾಯಿತುರಿಯನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಹಿಂಡುತ್ತಿದ್ದೆ. ಮೊದಲು ಬರುವ ಗಟ್ಟಿ ಹಾಲು ಒಂದು ಬಟ್ಟಲಿಗೆ, ಅದೇ ತುರಿಗೆ ಮತ್ತೆ ನೀರು ಹಾಕಿ ಹಿಂಡಿದ ತೆಳು ಹಾಲು ಇನ್ನೊಂದಕ್ಕೆ. ಫ್ರಿಜ್ಜಿನ ಬಾಗಿಲು ಸರಿಯಾಗಿ ಕೂರದೆ ಕುಂಯ್ ಕುಂಯ್ ಅನ್ನುತ್ತಿತ್ತು. ಅದನ್ನು ರಿಪೇರಿ ಮಾಡಿಸಿ ಎಂದು ಮಾಲೀಕರಿಗೆ ಹೇಳಿ ಹೇಳಿ ನಮ್ಮಿಬ್ಬರಿಗೂ ಬೇಜಾರು ಬಂದಿತ್ತು. ಕೊನೆಗೆ ಕೋರಾ ಹೋಗುತ್ತಾ ಬರುತ್ತಾ ಅದಕ್ಕೆ ಸೊಂಟದಿಂದ ಒಂದು ಗುದ್ದು ಕೊಡುವುದನ್ನು ರೂಢಿ ಮಾಡಿಕೊಂಡಿದ್ದಳು.

ನಾವಿಬ್ಬರೂ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಸನ್ನಿವೇಲ್‌ನ ಒಂದು ಕೇರ್ ಹೋಮಿನ ಅಡುಗೆಯವರು. ಹೆಸರು ದೊಡ್ಡದು, ನೋಡಿದರೆ ಸಾಧಾರಣ ಮನೆ; ಆರು ಕೋಣೆ, ಆರು ಮಂದಿ ವಯಸ್ಸಾದವರು. ಕೋರಾ ಫಿಲಿಪ್ಪೀನ್ಸಿನವಳು, ನಾನು ಗದಗಿನವಳು. ನಮ್ಮ ಮಾತೆಲ್ಲ ಮುರುಕು ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಆದರೆ ನೆನಪಿನಲ್ಲಿ ಅವಳೂ ಅವಳ ನಾಡಿನವರೂ ನನ್ನ ಗದಗಿನ ಕನ್ನಡದಲ್ಲೇ ಮಾತಾಡುತ್ತಾರೆ. ಹಾಗೆಯೇ ಬರೆಯುತ್ತೇನೆ.

“ಶಮ್ಮಿ, ಬರೂ ಗುರುವಾರ ನಿಮ್ಮ ಹಲಾಲ್ ಅಂಗಡಿ ಕೋಳಿ ತಗೊಂಡ್ ಬಾ,” ಅಂದಳು.

ನನ್ನ ಹೆಸರು ಶಮಶಾದ್. ಅವಳ ಬಾಯಲ್ಲಿ ಶಮ್ಮಿ.

“ಮೇಡಮ್ ಹೂಂ ಅಂದಾರೇನು?”

“ಅಂದಾರ. ಬಿಲ್ ತಂದು ಫೈಲಿಗೆ ಹಚ್ಚಿದ್ರ ಆತಂತ. ಇಷ್ಟು ವರ್ಷ ನಿನ್ನ ಕಡೆ ಕಾಯಿ ಹಿಂಡಿಸ್ಕೊಂಡು ಒಂದು ತುತ್ತು ನಿನ್ನ ಬಾಯಿಗೆ ಹಾಕಿಲ್ಲ ನಾನು. ದೇವರು ನನ್ನ ಸುಮ್ನ ಬಿಡೂದಿಲ್ಲ.”

“ನಿಮ್ಮ ದೇವರಿಗೆ ಬ್ಯಾರೆ ಕೆಲಸ ಇಲ್ಲೇನು?”

“ನನ್ನಂಥಾಕಿ ಇದ್ದ ಮ್ಯಾಲೆ ಬ್ಯಾರೆ ಕೆಲಸ ಎಲ್ಲಿಂದ ಬರಬೇಕು ಅವಗ?”

ಅವಳು ಸಾರಿನ ರುಚಿ ನೋಡಿ “ಕುಲಾಂಗ್” ಅಂದಳು. ಏನೋ ಕಡಿಮೆ ಇದೆ ಎಂದು ಅದರ ಅರ್ಥ. ಮೀನಿನ ಸಾಸನ್ನು ಒಂದಿಷ್ಟು ಬಿಟ್ಟಳು, ಕಲಕಿದಳು, ಮತ್ತೆ ನೋಡಿದಳು. ಆಮೇಲೆ ಮರದ ಸೌಟಿನಿಂದ ಪಾತ್ರೆಯ ಅಂಚಿಗೆ ಟಕ್ ಟಕ್ ಎಂದು ತಟ್ಟಿದಳು. ಆ ಸದ್ದು ಬಂತೆಂದರೆ ಸಾರು ಸರಿಯಾಗಿದೆ, ಒಲೆ ಆರಿಸು ಎಂದು.

ಸಂಜೆ ಜಾಕೆಟ್ ಹಾಕಿಕೊಂಡು ಮಿಲ್ಪಿಟಾಸ್‌ನ ತನ್ನ ಮನೆಗೆ ಹೊರಟವಳು ಬಾಗಿಲಿನಿಂದ ತಿರುಗಿ, “ತೊಡಿ ತಾ, ಎದಿ ಬ್ಯಾಡ. ಎದಿ ಅಂದ್ರ ಬರೇ ಹತ್ತಿ,” ಅಂದಳು. ಅದೇ ಕೊನೆಯ ಮಾತು. ಮಾರನೆಯ ಬೆಳಿಗ್ಗೆ ಮನೆಯಲ್ಲಿ ಬಚ್ಚಲಿಗೆ ಹೋದವಳು ಅಲ್ಲೇ ಬಿದ್ದಳಂತೆ. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು. ಭಾನುವಾರದ ಹೊತ್ತಿಗೆ ಇರಲಿಲ್ಲ.

ಈಗ ನಾನು ಕೆಲಸ ಬಿಟ್ಟಿದ್ದೇನೆ. ನನ್ನ ಜಾಗಕ್ಕೆ ನಸ್ರೀನ್ ಎಂಬ ಬೆಂಗಳೂರಿನ ಹುಡುಗಿ ಬಂದಿದ್ದಾಳೆ. ಮೊನ್ನೆ ಫೋನು ಮಾಡಿದ್ದಳು.

“ಆಂಟಿ, ಮೆನುನಲ್ಲಿ ಗುರುವಾರ ಕೋಕನಟ್ ಚಿಕನ್ ಅಂತ ಇದೆ. ಹೇಗೆ ಮಾಡೋದು ಅಂತ ಎಲ್ಲೂ ಇಲ್ಲ. ಒಂದು ವಾಯ್ಸ್ ಮೆಸೇಜ್ ಹಾಕಿಬಿಡಿ, ಪ್ಲೀಸ್.”

ವಾಯ್ಸ್ ಮೆಸೇಜಿನಲ್ಲಿ ಹೇಳುವಂಥದ್ದಲ್ಲ ಅದು. ಮಾತಾಡಲು ಹೋದರೆ ನಡುವೆ ನಿಲ್ಲಿಸಲು ಬರುವುದಿಲ್ಲ. ಬರೆದರೆ ನಿಲ್ಲಿಸಿ ಮುಂದುವರಿಸಬಹುದು. ಅವಳಿಗಾಗಿ, ಅವಳಂತೆ ಈ ಕೆಲಸಕ್ಕೆ ಹೊಸದಾಗಿ ಬರುವವರಿಗಾಗಿ ಬರೆಯುತ್ತಿದ್ದೇನೆ.

ನೋಡಮ್ಮಾ, ಮೊದಲು ತಿಳಿಯಬೇಕಾದದ್ದು ಇದು: ಆರು ಜನಕ್ಕೆ ಅಡುಗೆ ಎಂದರೆ ಆರು ಅಡುಗೆ. ಒಬ್ಬರಿಗೆ ಉಪ್ಪಿಲ್ಲ, ಒಬ್ಬರಿಗೆ ಸಕ್ಕರೆಯಿಲ್ಲ. ಒಬ್ಬರಿಗೆ ನೀರು ಕೂಡ ಗಟ್ಟಿಯಾಗಿರಬೇಕು, ಇಲ್ಲದಿದ್ದರೆ ನೆತ್ತಿಗೆ ಹತ್ತುತ್ತದೆ. ಒಬ್ಬರಿಗೆ ಎಲ್ಲವನ್ನೂ ಮಿಕ್ಸಿಗೆ ಹಾಕಿ ಕೊಡಬೇಕು. ನೀನು ಚಂದವಾಗಿ ಮಾಡಿದ ಪಲ್ಯ ಮಿಕ್ಸಿಯಿಂದ ಸಿಮೆಂಟಿನ ಬಣ್ಣದಲ್ಲಿ ಹೊರಬರುವುದನ್ನು ದಿನಾ ನೋಡಬೇಕು. ಊಟದ ತಜ್ಞೆ ಎಂದು ಒಬ್ಬರು ಆಗಾಗ ಬರುತ್ತಾರೆ. ನಾನು ಸೇರಿದ ಹೊಸತರಲ್ಲಿ ಬಂದಾಕೆ ತೆಂಗಿನಕಾಯಿ ಹೃದಯಕ್ಕೆ ಶತ್ರು ಅಂದರು, ನಿಲ್ಲಿಸಿದೆವು. ಆಮೇಲೆ ಬಂದವರು ತೆಂಗಿನೆಣ್ಣೆಯಂಥದ್ದು ಬೇರೆ ಇಲ್ಲ, ಎಲ್ಲದಕ್ಕೂ ಹಾಕಿ ಅಂದರು, ಹಾಕಿದೆವು. ಅವರ ನಂತರದವರು ಮತ್ತೆ ಬೇಡ ಅಂದರು. ಕೋರಾ ಅಷ್ಟು ಹೊತ್ತಿಗೆ ಕೇಳುವುದನ್ನೇ ಬಿಟ್ಟಿದ್ದಳು. ಎಲ್ಲದಕ್ಕೂ ಯೆಸ್ ಮ್ಯಾಮ್ ಅಂದು ಅವರ ಕಾರು ತಿರುವು ದಾಟಿದ ಕೂಡಲೇ ಕಾಯಿತುರಿಯ ಪೊಟ್ಟಣ ಹೊರಗೆ ತೆಗೆಯುತ್ತಿದ್ದಳು.

ಮಾಲೀಕರು ಸುಮಾ ಮೇಡಮ್. ಬೆಂಗಳೂರಿನವರು, ಸರಟೋಗಾದಲ್ಲಿ ಮನೆ. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಒಳ್ಳೆಯವರು ಒಳ್ಳೆಯದನ್ನೇ ಮಾಡಲು ಹೋಗಿ ಕೊಡುವ ಕಾಟಕ್ಕೆ ಬೈಯಲೂ ಬರುವುದಿಲ್ಲ.

ಒಂದು ಗುರುವಾರ ತಮ್ಮ ತಾಯಿಯನ್ನು ಸೇರಿಸುವ ಮೊದಲು ಮನೆ ನೋಡಲೆಂದು ಯಾರೋ ಪಾಲೋ ಆಲ್ಟೋದಿಂದ ಬರುವವರಿದ್ದರು. ಸುಮಾ ಮೇಡಮ್ ಒಳಗೆ ಕಾಲಿಟ್ಟವರೇ ಮೂಗು ಮುಚ್ಚಿಕೊಂಡರು.

“ಅಯ್ಯೋ, ಏನಿದು ಸ್ಮೆಲ್ಲು! ಶಮಶಾದ್ ಅವರೇ, ಇವತ್ತೇ ಮಾಡಬೇಕಿತ್ತಾ ಇದನ್ನ? ವಿಸಿಟರ್ಸ್ ಬರ್ತಿದ್ದಾರೆ ಅಂತ ಹೇಳಿರಲಿಲ್ವಾ?”

“ಗುರುವಾರ ಅದರೀ ಮೇಡಮ್. ಮೀನಿನ ಸಾಸು ಈಗಷ್ಟ ಹಾಕ್ಯಾಳ. ಕಾಯಿಹಾಲು ಬಿದ್ದ ಮ್ಯಾಲೆ ವಾಸನಿ ಇರೂದಿಲ್ರಿ. ಸ್ವಲ್ಪ ತಡೀರಿ.”

ಅವರು ತಡೆಯಲಿಲ್ಲ. ಬಚ್ಚಲಿನ ಲ್ಯಾವೆಂಡರ್ ಸ್ಪ್ರೇ ತಂದು ಅಡುಗೆಮನೆ ತುಂಬ ಹೊಡೆದರು. ಪಾತ್ರೆಯ ಮುಚ್ಚಳ ತೆರೆದಿತ್ತು. ಆ ದಿನದ ಸಾರು ತಲೆಗೆ ಹಚ್ಚುವ ಎಣ್ಣೆಯ ಹಾಗೆ ಘಮಘಮಿಸಿತು. ಕೋರಾ ಪೂರ್ತಿ ಪಾತ್ರೆಯನ್ನು ಕಸಕ್ಕೆ ಸುರಿದು ಹಿತ್ತಲಿನ ಕಟ್ಟೆಯ ಮೇಲೆ ಹೋಗಿ ಕೂತಳು. ಬಂದವರು ಒಳಗೆ ಬಂದು ಉಸಿರೆಳೆದು, ಮನೆ ಎಷ್ಟು ಚೆನ್ನಾಗಿ ಘಮಘಮಿಸುತ್ತಿದೆ ಎಂದು ಹೊಗಳಿ ಹೋದರು.

ಇನ್ನೊಮ್ಮೆ ಅವರು ಅಚ್ಚುಗಳನ್ನು ತಂದರು. ಮಿಕ್ಸಿ ಮಾಡಿದ ಊಟ ನೋಡಲು ಚೆನ್ನಾಗಿರಲೆಂದು ಯಾವುದೋ ಸಮ್ಮೇಳನದಲ್ಲಿ ಹೇಳಿದ್ದರಂತೆ. ಮಿಕ್ಸಿ ಮಾಡಿದ ಕೋಳಿಯನ್ನು ಕೋಳಿಕಾಲಿನ ಆಕಾರದ ಅಚ್ಚಿಗೆ ತುಂಬಿ ಗಟ್ಟಿ ಮಾಡಿ, ತಟ್ಟೆಯಲ್ಲಿ ಬೋರಲು ಹಾಕಬೇಕು. ನಾವು ಹಾಗೆಯೇ ಮಾಡಿ ಲೋಲೋ ಮುಂದೆ ಇಟ್ಟೆವು. ಲೋಲೋ ಎಂದರೆ ಕೋರಾಳ ಮಾತಿನಲ್ಲಿ ಅಜ್ಜ. ಆಂದ್ರೆಸ್ ಎಂದು ಹೆಸರು, ಆತನೂ ಫಿಲಿಪ್ಪೀನ್ಸಿನವನೇ. ಸ್ಯಾನ್ ಫ್ರಾನ್ಸಿಸ್ಕೋದ ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಜೀವನವಿಡೀ ದುಡಿದು, ಈಗ ನೆನಪು ಕಳೆದುಕೊಳ್ಳುತ್ತಿದ್ದ ಮನುಷ್ಯ. ಆತ ಆ ಕಾಲನ್ನು ಬೆರಳಿನಿಂದ ಒತ್ತಿ ನೋಡಿದ.

“ಇದು ಯಾವ ಮಗುವಿನ ಆಟಿಗಿ? ಕೊಟ್ಟುಬಿಡ್ರಿ, ಪಾಪ ಅಳ್ತಿರ್ತದ,” ಅಂದ.

ಕೋರಾ ನೆಲದ ಮೇಲೆ ಕೂತು ನಕ್ಕಳು. ಅಚ್ಚುಗಳು ಮೇಲಿನ ಕಪಾಟಿನಲ್ಲಿವೆ ನಸ್ರೀನ್, ಬಲಗಡೆ. ತೆಗೆಯಬೇಡ.

ಈಗ ಸಾರಿನ ವಿಷಯ. ಕೋರಾಳ ಭಾಷೆಯಲ್ಲಿ ಅದಕ್ಕೆ ಗಿನತಾಂಗ್ ಮನೋಕ್ ಅನ್ನುತ್ತಾರೆ. ತೆಂಗಿನ ಹಾಲಿನಲ್ಲಿ ಬೇಯಿಸಿದ ಕೋಳಿ, ಅಷ್ಟೇ. ಶುಂಠಿ, ಬೆಳ್ಳುಳ್ಳಿ, ಈರುಳ್ಳಿಯನ್ನು ಎಣ್ಣೆಯಲ್ಲಿ ಬಾಡಿಸಬೇಕು, ಕೆಂಪಾಗಬಾರದು. ನಮ್ಮವರಿಗೆ ಈರುಳ್ಳಿ ಕೆಂಪಾಗದಿದ್ದರೆ ಜೀವ ತಡೆಯುವುದಿಲ್ಲ, ಗೊತ್ತು. ತಡೆದುಕೋ. ಕೋಳಿ ಹಾಕಿ ಮೀನಿನ ಸಾಸು ಬಿಟ್ಟು ತಿರುವಬೇಕು. ನಿಂಬೆಹುಲ್ಲನ್ನು ಜಜ್ಜಿ ಗಂಟು ಹಾಕಿ ಮುಳುಗಿಸಬೇಕು. ತೆಳು ಹಾಲು ಹಾಕಿ ಬೇಯಿಸಬೇಕು. ಕೋಳಿ ಮೆತ್ತಗಾಗುವಾಗ ಪಪ್ಪಾಯಿ ಕಾಯಿಯ ಹೋಳು, ಸೀಳಿದ ಹಸಿಮೆಣಸಿನಕಾಯಿ. ಕೊನೆಗೆ ಗಟ್ಟಿ ಹಾಲು, ಅದರ ಮೇಲೆ ನುಗ್ಗೆಸೊಪ್ಪು. ಹೌದು, ನಮ್ಮದೇ ನುಗ್ಗೆಸೊಪ್ಪು. ಮೊದಲ ದಿನ ಕೋರಾ ಅದನ್ನು ಬಿಡಿಸುವುದನ್ನು ನೋಡಿ ನಾನು ಊರಿನವರು ಯಾರೋ ಸಿಕ್ಕಂತೆ ಪಕ್ಕದಲ್ಲಿ ಕೂತು ಬಿಡಿಸತೊಡಗಿದ್ದೆ. ಹಾಗೆ ಶುರುವಾದದ್ದು ನಮ್ಮ ಸ್ನೇಹ.

ಆದರೆ ಕೋರಾ ಇರುವವರೆಗೆ ನಾನು ಅದನ್ನು ತಿಂದವಳಲ್ಲ. ಮನೆಗೆ ಬರುತ್ತಿದ್ದ ಕೋಳಿ ಹಲಾಲ್ ಆಗಿರಲಿಲ್ಲ. ಹೊರಗಿನ ಮಾಂಸ ಒಳಗೆ ತರುವಂತಿರಲಿಲ್ಲ. ತಪಾಸಣೆಯವರು ಬಂದರೆ ಎಲ್ಲಿಂದ ಬಂತೆಂದು ಕೇಳುತ್ತಾರೆ ಎಂದು ಸುಮಾ ಮೇಡಮ್‌ಗೆ ಹೆದರಿಕೆ. ಹಾಗಾಗಿ ಮಾಂಸದ ಅಡುಗೆಯನ್ನು ನಾನು ಕಣ್ಣು, ಮೂಗು, ಕೈಯಿಂದ ಮಾಡುತ್ತಿದ್ದೆ. ಬಾಯಿ ಕೋರಾಳದು. ಬೇಳೆ, ಪಲ್ಯಗಳಿಗೆ ನನ್ನ ಬಾಯಿ. ಇಬ್ಬರೂ ಸೇರಿ ಒಬ್ಬ ಅಡುಗೆಯವಳು ಎಂದು ಅವಳು ತಮಾಷೆ ಮಾಡುತ್ತಿದ್ದಳು.

ಆ ಸಾರಿನ ನೆರಳನ್ನು ಮಾತ್ರ ತಿಂದಿದ್ದೆ. ಮೈಸೂರಿನ ವೇದಮ್ಮ ಎಂಬ ಅಜ್ಜಿ ಎರಡನೇ ಕೋಣೆಯಲ್ಲಿದ್ದರು. ಗುರುವಾರ ರಾಯರ ವಾರವೆಂದು ಈರುಳ್ಳಿ ಬೆಳ್ಳುಳ್ಳಿ ಕೂಡ ಮುಟ್ಟುತ್ತಿರಲಿಲ್ಲ. ಅಂಥ ದಿನವೇ ಮನೆಯಲ್ಲಿ ಕೋಳಿ. ಅವರು ಒಂದು ದಿನ ಕೋಣೆಯಿಂದಲೇ ಕೂಗಿದರು: “ಶಂಷಾದೂ, ಕಾಯಿಹಾಲಿನ ಘಮ ಬರ್ತಿದೆಯಲ್ಲೇ, ಪಾಯಸ ಏನೇ?” ಕೋಳಿ ಎಂದು ಹೇಳಲು ಯಾರಿಗೆ ಬಾಯಿ ಬರುತ್ತದೆ? ಅಂದಿನಿಂದ ಕೋರಾ ಕೋಳಿಯನ್ನು ಫ್ರಿಜ್ಜಿನಿಂದ ತೆಗೆಯುವ ಮೊದಲೇ ಬೇರೆ ಪಾತ್ರೆಯಲ್ಲಿ ಪಪ್ಪಾಯಿ ಕಾಯಿ, ನುಗ್ಗೆಸೊಪ್ಪು, ಶುಂಠಿಯನ್ನು ಕಾಯಿಹಾಲಿನಲ್ಲಿ ಬೇಯಿಸಿಡುತ್ತಿದ್ದಳು. ವೇದಮ್ಮನವರೂ ನಾನೂ ಅದನ್ನು ಅನ್ನಕ್ಕೆ ಹಾಕಿಕೊಂಡು ತಿನ್ನುತ್ತಿದ್ದೆವು. “ಪಾಪ, ಆ ಹುಡುಗಿಗೆ ಒಗ್ಗರಣೆ ಹಾಕೋಕೆ ಯಾರೂ ಕಲಿಸಿಲ್ಲ ಕಣೇ,” ಎಂದು ಅವರು ನನ್ನ ಕಿವಿಯಲ್ಲಿ ಹೇಳುತ್ತಿದ್ದರು. ಹುಡುಗಿಗೆ ಆಗಲೇ ಮೊಮ್ಮಕ್ಕಳಿದ್ದರು.

ಲೋಲೋ ಆಂದ್ರೆಸ್ ಉಳಿದ ದಿನಗಳಲ್ಲಿ ಹಕ್ಕಿಯಂತೆ ಕುಕ್ಕಿ ತಟ್ಟೆ ಸರಿಸುತ್ತಿದ್ದ. ಗುರುವಾರ ಮಾತ್ರ ಬಟ್ಟಲು ಬರಿದು ಮಾಡುತ್ತಿದ್ದ. ಮಿಕ್ಕದ್ದನ್ನು ಶುಕ್ರವಾರ, ಶನಿವಾರವೂ ತಿನ್ನುತ್ತಿದ್ದ. ಆ ಸಾರಿನ ಮೇಲೆಯೇ ಆತ ಬದುಕಿದ್ದ ಎಂದರೆ ಹೆಚ್ಚು ಹೇಳಿದಂತಲ್ಲ. ಕೋರಾ ಹೋದ ಮೇಲೆ ಆತ ತಿನ್ನುವುದನ್ನು ನಿಲ್ಲಿಸಿದ.

ಅವಳಿಲ್ಲದ ಮೊದಲ ಗುರುವಾರ ನಾನು ಅವಳು ಹೇಳಿದಂತೆ ನಮ್ಮ ಅಂಗಡಿಯ ಕೋಳಿ ತಂದೆ. ತೊಡೆಯನ್ನೇ ತಂದೆ. ಬಿಲ್ಲನ್ನು ಫೈಲಿಗೆ ಹಚ್ಚಿದೆ. ಒಲೆಯ ಮೇಲೆ ತೆಳು ಹಾಲು ಹಾಕಿದ ಮೇಲೆ ನೋಡುತ್ತೇನೆ, ಸಾರು ಹಳದಿ! ನನಗೆ ಅರ್ಥವೇ ಆಗಲಿಲ್ಲ. ಆಮೇಲೆ ಕೈ ನೋಡಿಕೊಂಡೆ, ಬೆರಳೆಲ್ಲ ಹಳದಿ. ಕೋಳಿ ತೊಳೆಯುವಾಗ ಉಪ್ಪು ಅರಿಶಿನ ಹಚ್ಚಿ ತಿಕ್ಕಿಬಿಟ್ಟಿದ್ದೆ. ನಮ್ಮ ಮನೆಯಲ್ಲಿ ಅಮ್ಮೀ, ನಾನೀ, ಎಲ್ಲರೂ ಹಾಗೆಯೇ. ಅರಿಶಿನ ಹಚ್ಚದ ಕೋಳಿ ತೊಳೆದದ್ದೇ ಅಲ್ಲ. ಕೋರಾ ಇದ್ದಾಗ ಕೋಳಿ ತೊಳೆಯುವುದನ್ನು ನನ್ನ ಕೈಗೆ ಕೊಡುತ್ತಲೇ ಇರಲಿಲ್ಲ. ಯಾಕೆಂದು ಅವತ್ತು ತಿಳಿಯಿತು.

ಲೋಲೋ ಬಟ್ಟಲನ್ನು ನೋಡಿ, ನನ್ನನ್ನು ನೋಡಿ, “ಇದು ಬ್ಯಾರೆಯವರ ಮನೀದು. ಅವರಿಗೆ ಕೊಡ್ರಿ,” ಅಂದ.

“ಪರವಾಗಿಲ್ಲ ಬಿಡಿ, ಟರ್ಮರಿಕ್ ತುಂಬಾ ಹೆಲ್ದಿ,” ಎಂದರು ಸುಮಾ ಮೇಡಮ್.

ಮುಂದಿನ ವಾರ ಅವರೇ ಡಬ್ಬಿಯ ತೆಂಗಿನ ಹಾಲು ತಂದಿಟ್ಟರು. ನನ್ನ ಮಣಿಕಟ್ಟು ನೋಯುತ್ತದೆ, ಹಿಂಡುವ ಕಷ್ಟ ಯಾಕೆ ಎಂದು. ಪ್ರೀತಿಯಿಂದಲೇ ತಂದದ್ದು. ಕಾಯಿತುರಿಯನ್ನು ಆ ವಾರ ತರಿಸಿರಲಿಲ್ಲ. ಡಬ್ಬಿಯ ಮೇಲೆ ‘ಲೈಟ್’ ಎಂದು ಬರೆದಿತ್ತು. ಅದು ಕುದಿಯುತ್ತಿದ್ದಂತೆ ಒಡೆದು ನೀರೇ ಬೇರೆ, ಬಿಳಿ ಚೂರುಗಳೇ ಬೇರೆಯಾಗಿ, ತೊಳೆದ ತಟ್ಟೆಯ ನೀರಿನ ಹಾಗೆ ಕಂಡಿತು. ಅದನ್ನೂ ಚೆಲ್ಲಿದೆ. ಆ ದಿನ ಲೋಲೋ ಅರ್ಧ ಬಾಳೆಹಣ್ಣು ತಿಂದ.

ಸುಮಾ ಮೇಡಮ್ ನನ್ನನ್ನು ಹಿತ್ತಲಿಗೆ ಕರೆದರು. “ನೋಡಿ, ವೆಯ್ಟು ಹೀಗೇ ಇಳಿದ್ರೆ ನಾನು ಇಟ್ಕೊಳ್ಳೋಕೆ ಆಗಲ್ಲ. ಡಾಕ್ಟರು ನರ್ಸಿಂಗ್ ಹೋಮಿಗೆ ಹಾಕಿ ಅಂತಿದ್ದಾರೆ. ಅಲ್ಲಿ ಟ್ಯೂಬಲ್ಲಿ ಫೀಡ್ ಮಾಡ್ತಾರೆ. ಮಗಳಿಗೂ ಹೇಳಿದೀನಿ.”

“ಮೇಡಮ್, ಸ್ವಲ್ಪ ದಿನ ಕೊಡ್ರಿ. ನಾ ಮಾಡ್ತೀನ್ರಿ.”

“ನೀವು ಮಾಡ್ತಾನೇ ಇದೀರಲ್ಲ ಶಮಶಾದ್ ಅವರೇ,” ಅಂದರು ಮೆಲ್ಲಗೆ. “ಆತ ತಿಂತಿಲ್ಲ.”



ಮಗಳ ಹೆಸರು ಟೆಸ್. ಡೇಲಿ ಸಿಟಿಯಲ್ಲಿ ನರ್ಸು. ಅವಳು ಬಂದ ಗುರುವಾರ ನಾನು ಕಾಯಿ ಹಿಂಡಿ, ಅರಿಶಿನದ ಡಬ್ಬಿಯನ್ನು ನನ್ನ ಕಾರಿನಲ್ಲೇ ಬಿಟ್ಟು ಬಂದು, ಜಾಗ್ರತೆಯಿಂದ ಮಾಡಿದ್ದೆ. ಲೋಲೋ ಒಂದು ಚಮಚ ತಿಂದು ಬಾಯಿ ಮುಚ್ಚಿದ. ನಾನು ಟೆಸ್‌ಗೆ ಒಂದು ಬಟ್ಟಲು ಕೊಟ್ಟು ಎದುರಿಗೆ ನಿಂತೆ.

“ಚಲೋ ಅದ,” ಅಂದಳು.

“ಕೋರಾ ಮಾಡಿದಂಗ ಅದ ಏನು?”

“ಕೋರಾಂದು ನಾ ತಿಂದೇ ಇಲ್ಲ ಆಂಟಿ. ನಾ ಬರೂದು ಭಾನುವಾರ.”

“ಹೋಗ್ಲಿ, ನಿಮ್ಮ ಅವ್ವ ಹೆಂಗ ಮಾಡತಿದ್ಲು?”

“ನಮ್ಮ ಅವ್ವ ಕಾಯಿಹಾಲು ಹಾಕ್ತಿರಲಿಲ್ಲ. ನಮ್ಮ ಕಡೆ ಕೋಳಿ ಸಾರು ಅಂದ್ರ ತಿಳಿನೀರಿನಂಗ ಇರ್ತದ.”

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಮನುಷ್ಯ ಬಾಲ್ಯದ ರುಚಿ ಹುಡುಕುತ್ತಿದ್ದಾನೆ, ಹೆಂಡತಿಯ ಕೈಯಡುಗೆ ಹುಡುಕುತ್ತಿದ್ದಾನೆ ಎಂದು ನಾನು ತಿಳಿದಿದ್ದರೆ, ಆತ ಹುಡುಕುತ್ತಿದ್ದದ್ದು ಈ ಅಡುಗೆಮನೆಯಲ್ಲಿ ನನ್ನ ಮೂಗಿನ ಕೆಳಗೇ ಆಗಿದ್ದ ಸಾರನ್ನು! ಅದನ್ನು ತಿಂದು ಬಲ್ಲವರು ಎಲ್ಲಿ? ಉಳಿದ ಮುದುಕರನ್ನು ಕೇಳಿದೆ. ಒಬ್ಬರು ಇದೇ ಚೆನ್ನಾಗಿದೆ ಅಂದರು, ಇನ್ನೊಬ್ಬರು ಯಾವತ್ತೂ ಕೋಳಿ ಕೊಟ್ಟೇ ಇಲ್ಲ ಎಂದು ಜಗಳಕ್ಕೆ ಬಂದರು. ಫೋನಿನಲ್ಲಿ ವಿಡಿಯೋ ನೋಡಿದೆ. ಒಬ್ಬಳು ವಿನೆಗರ್ ಹಾಕುತ್ತಾಳೆ, ಒಬ್ಬಳು ಆಲೂಗಡ್ಡೆ, ಒಬ್ಬಾತ ಅರಿಶಿನವನ್ನೇ ಹಾಕುತ್ತಾನೆ! ಫೋನನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟೆ. ಟೆಸ್ ಮುಂದಿನ ತೂಕ ನೋಡಿ ತೀರ್ಮಾನಿಸುತ್ತೇನೆ ಎಂದು ಹೇಳಿ ಹೋದಳು.

ಆ ವಾರಾಂತ್ಯದಲ್ಲಿ ಕೋರಾಳ ಮನೆಯಲ್ಲಿ ಪ್ರಾರ್ಥನೆಯಿತ್ತು. ಅವಳ ಅಕ್ಕ ಊರಿನಿಂದ ಬೇಗ ಬರಲಾಗದೆ, ದೇಹವನ್ನು ಊರಿಗೆ ಕಳಿಸಲು ಕಾಗದಪತ್ರ ಮುಗಿಯದೆ ಎಲ್ಲ ತಡವಾಗಿತ್ತು. ನಾನು ಮಿಲ್ಪಿಟಾಸ್‌ಗೆ ಹೋದೆ. ಗೋಡೆಗೆ ಒರಗಿಸಿದ ಅವಳ ಚಿತ್ರ, ಮೇಣದ ಬತ್ತಿ, ಮುಂದಿನ ಕೋಣೆಯಲ್ಲಿ ಮೇಜಿನ ತುಂಬ ಊಟ. ಅವಳ ಅಕ್ಕ ನನ್ನ ಕೈ ಹಿಡಿದು ಕೂರಿಸಿದಳು. “ನೀನೇನು ಶಮ್ಮಿ? ಕಾಯಿ ಹಿಂಡಾಕಿ?” ಅಂದಳು. ಒಳಗೆ ಹೋಗಿ ಒಂದು ಬಟ್ಟಲು ತಂದು ನನ್ನ ಮುಂದೆ ಇಟ್ಟಳು.

ಅದೇ ಸಾರು. ಅದೇ ವಾಸನೆ. ಕಣ್ಣು ಮುಚ್ಚಿದರೆ ಕೋರಾ ಪಕ್ಕದಲ್ಲಿದ್ದಂತೆ. ಒಂದೇ ತಾಯಿಯ ಕೈಯಲ್ಲಿ ಕಲಿತವರು ಇಬ್ಬರೂ. ಇಷ್ಟು ದಿನ ನಾನು ಹುಡುಕುತ್ತಿದ್ದ ರುಚಿ ಬಟ್ಟಲಿನಲ್ಲಿ ಆವಿಯಾಡುತ್ತಿತ್ತು. ಕೋಳಿ ಎಲ್ಲಿಯದು ಎಂದು ಕೇಳುವ ಅಗತ್ಯವಿರಲಿಲ್ಲ. ನಾನು ಒಂದು ಚಮಚ ಬಾಯಿಗಿಟ್ಟಿದ್ದರೆ ಆ ಮನೆಯಲ್ಲಿ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕೂತೆ. ಬೆಚ್ಚಗಿತ್ತು. ಬಾಯಿಗೆ ಇಡಲಿಲ್ಲ.

ಅಕ್ಕನಿಗೆ ಅರ್ಥವಾಯಿತು. “ಕೋರಾ ಹೇಳಿದ್ಲು,” ಅಂದಳು. “ನಿಂದು ಬ್ಯಾರೆ ಕೋಳಿ.”

“ಮೀನಿನ ಸಾಸು ಎಷ್ಟು ಹಾಕ್ತೀರಿ?” ಎಂದು ಕೇಳಿದೆ.

“ಎಷ್ಟು ಬೇಕೋ ಅಷ್ಟ.”

“ಎಷ್ಟು ಬೇಕು?”

“ಬಾಯಿಗೆ ಹಾಕಿ ನೋಡಿದ್ರ ಗೊತ್ತಾಗ್ತದಲ್ಲ!”

ನಾನು ಅಳುತ್ತಾ ನಕ್ಕೆ. ಅವಳೂ ಹಾಗೆಯೇ. ಆಮೇಲೆ ಅವಳನ್ನು ಒಂದು ಡಬ್ಬಿ ಸಾರು ಕೇಳಿದೆ, ಯಾರಿಗೆಂದೂ ಹೇಳಿದೆ. ಮಾರನೆಯ ದಿನವೇ ಅವಳು ತಂಗಿಯ ದೇಹದೊಂದಿಗೆ ಊರಿಗೆ ಹೊರಟಳು.

ಹೊರಗಿನ ಬೇಯಿಸಿದ ಊಟ ಕೊಡುವಂತಿಲ್ಲ ಎಂಬುದು ನಮ್ಮ ಮನೆಯ ನಿಯಮ, ಬಾಗಿಲ ಮೇಲೆಯೇ ಅಂಟಿಸಿದ್ದಾರೆ. ನಾನು ಡಬ್ಬಿ ಬಿಸಿ ಮಾಡಿ ಮೂಳೆ ತೆಗೆದು ಕಿವುಚುತ್ತಿದ್ದಾಗ ಸುಮಾ ಮೇಡಮ್ ಒಳಗೆ ಬಂದರು. ಡಬ್ಬಿಯನ್ನು ನೋಡಿದರು. ನನ್ನನ್ನು ನೋಡಿದರು.

“ನಾನು ಏನೂ ನೋಡಿಲ್ಲ, ನೀವೂ ಏನೂ ಹೇಳಬೇಡಿ,” ಎಂದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ಈ ಮನುಷ್ಯರನ್ನು ಪೂರ್ತಿ ಬೈಯಲು ಆಗುವುದಿಲ್ಲ ಎಂದದ್ದು ಇದಕ್ಕೇ.

ಲೋಲೋ ಮೊದಲ ಚಮಚ ಬಾಯಲ್ಲಿ ಇಟ್ಟುಕೊಂಡು ಸುಮ್ಮನೆ ಕೂತ. ನುಂಗಿದ. ಬಾಯಿ ತೆರೆದ. ಬಟ್ಟಲು ಬರಿದಾಗುವವರೆಗೆ ತೆರೆಯುತ್ತಲೇ ಹೋದ. ಕೊನೆಗೆ ನನ್ನ ಕೈಯಿಂದ ಚಮಚ ತೆಗೆದುಕೊಂಡು ಬಟ್ಟಲಿನ ಅಂಚಿಗೆ ಟಕ್ ಟಕ್ ಎಂದು ತಟ್ಟಿದ.

ಈ ಕೆಲಸದಲ್ಲಿ ಬಹಳ ಜನ ಹೇಳುತ್ತಾರೆ, ವಯಸ್ಸಾದವರಿಗೆ ರುಚಿ ತಿಳಿಯುವುದಿಲ್ಲ, ಪ್ರೀತಿಯಿಂದ ಕೊಟ್ಟರೆ ಏನು ಬೇಕಾದರೂ ತಿನ್ನುತ್ತಾರೆ ಎಂದು. ನಂಬಬೇಡ. ನಾನು ಕಡಿಮೆ ಪ್ರೀತಿಯಿಂದ ಕೊಟ್ಟಿರಲಿಲ್ಲ. ಆತನಿಗೆ ಬೇಕಾದದ್ದು ಆ ರುಚಿ.

ಡಬ್ಬಿಯ ತಳದಲ್ಲಿ ಒಂದಿಷ್ಟು ಉಳಿದಿತ್ತು. ಅದನ್ನು ಬೆಳಕಿಗೆ ಹಿಡಿದು ನೋಡಿದೆ, ಮೂಸಿದೆ, ಬೆರಳಿನಿಂದ ತಿಕ್ಕಿದೆ. ಮೇಲೆ ಸಣ್ಣ ಸಣ್ಣ ಎಣ್ಣೆಯ ಕಣ್ಣುಗಳು ತೇಲುತ್ತಿದ್ದವು. ನನ್ನ ಸಾರಿನಲ್ಲಿ ಅವಿರಲಿಲ್ಲ. ಡಬ್ಬಿಯ ಹಾಲು ಒಡೆದ ಹೆದರಿಕೆಯಿಂದ ನಾನು ಗಟ್ಟಿ ಹಾಲು ಬಿದ್ದ ಕೂಡಲೇ ಒಲೆ ಆರಿಸುತ್ತಿದ್ದೆ. ಅದನ್ನು ಸಣ್ಣ ಉರಿಯಲ್ಲಿ, ಬಿಡದೆ ಕಲಕುತ್ತಾ, ಎಣ್ಣೆ ಕಣ್ಣು ಬಿಡುವವರೆಗೆ ಇಡಬೇಕು. ಶುಂಠಿಯನ್ನು ನಾನು ಜಜ್ಜಿ ಹಾಕುತ್ತಿದ್ದೆ. ಇದರಲ್ಲಿ ಕಡ್ಡಿಯಂತೆ ಉದ್ದಕ್ಕೆ ಹೆಚ್ಚಿತ್ತು. ಕೋರಾ ಹೆಚ್ಚುವುದನ್ನು ವರ್ಷಗಟ್ಟಲೆ ನೋಡಿದ್ದೆ, ನನ್ನ ಕೈ ಮಾತ್ರ ತನ್ನ ಅಭ್ಯಾಸ ಬಿಟ್ಟಿರಲಿಲ್ಲ. ಡಬ್ಬಿ ತೊಳೆಯುವ ಮೊದಲು ಮತ್ತೊಮ್ಮೆ ಮೂಸಿದೆ.

ಮುಂದಿನ ಗುರುವಾರ ಹಾಗೆಯೇ ಮಾಡಿದೆ. ಕೋಳಿ ನಮ್ಮ ಅಂಗಡಿಯದು. ಇಷ್ಟು ವಾರವೂ ಹಾಗೆಯೇ ಇದ್ದರೂ ಮಾಂಸದ ರುಚಿ ನೋಡುವ ರೂಢಿ ನನ್ನ ಬಾಯಿಗಿರಲಿಲ್ಲ. ಎಷ್ಟೋ ವರ್ಷಗಳ ನಂತರ ಆ ಪಾತ್ರೆಯಿಂದ ಮೊದಲ ಸಲ ಒಂದು ಚಮಚ ನನ್ನ ಬಾಯಿಗೆ ಹಾಕಿಕೊಂಡೆ. ಚೆನ್ನಾಗಿತ್ತು. ಬಹಳ ಚೆನ್ನಾಗಿತ್ತು. ಸರಿಯಿದೆಯೇ ಎಂದು ಮಾತ್ರ ತಿಳಿಯಲಿಲ್ಲ. ಸ್ವಲ್ಪ ಮೀನಿನ ಸಾಸು ಬಿಟ್ಟೆ. ಆಗಲೂ ಚೆನ್ನಾಗಿತ್ತು. ಎರಡರಲ್ಲಿ ಯಾವುದು? ಸೌಟು ಹಿಡಿದು ನಿಂತೆ. ಫ್ರಿಜ್ಜು ಕುಂಯ್ ಅನ್ನುತ್ತಿತ್ತು. ಅದಕ್ಕೆ ಸೊಂಟದಿಂದ ಗುದ್ದಿದೆ.

ಲೋಲೋ ಅರ್ಧಕ್ಕಿಂತ ಹೆಚ್ಚು ತಿಂದ. ಆಮೇಲೆ ನನ್ನ ಮುಖ ನೋಡಿ “ಕುಲಾಂಗ್” ಅಂದ.

“ಏನು ಕಡಿಮಿ ಲೋಲೋ? ಉಪ್ಪಾ? ಖಾರಾ?”

ಆತ ಯೋಚಿಸಿದ. ತಲೆ ಅಲ್ಲಾಡಿಸಿದ. ಮತ್ತೆ ಬಾಯಿ ತೆರೆದ.

ಆಮೇಲೆ ಎಲ್ಲ ಗುರುವಾರವೂ ಹೀಗೆಯೇ. ಒಮ್ಮೆ ಉಪ್ಪು ಹೆಚ್ಚಿಸಿದೆ, ಒಮ್ಮೆ ಶುಂಠಿ, ಒಮ್ಮೆ ಹುಲ್ಲು. ಕುಲಾಂಗ್. ಪಪ್ಪಾಯಿಯನ್ನು ಚಿಕ್ಕದಾಗಿ ಹೆಚ್ಚಿದೆ, ದೊಡ್ಡದಾಗಿ ಹೆಚ್ಚಿದೆ. ಕುಲಾಂಗ್. ಒಂದು ದಿನ ಸಿಟ್ಟು ಬಂದು, “ಹಂಗಾದ್ರ ಎದ್ದು ಬಂದು ನೀನ ಮಾಡು!” ಎಂದು ಕನ್ನಡದಲ್ಲೇ ಕೂಗಿದೆ. ಆತ ಗಂಭೀರವಾಗಿ ತಲೆಯಾಡಿಸಿ ಇನ್ನೊಂದು ಚಮಚಕ್ಕೆ ಬಾಯಿ ತೆರೆದ. ಆದರೆ ತಿಂದ. ತೂಕ ನಿಂತಿತು. ಟೆಸ್ ನರ್ಸಿಂಗ್ ಹೋಮಿನವರಿಗೆ ಬೇಡವೆಂದು ಹೇಳಿದಳು. ಆತ ನಮ್ಮಲ್ಲೇ ಇದ್ದ. ಬಹಳ ದಿನಗಳ ನಂತರ ತನ್ನ ಹಾಸಿಗೆಯಲ್ಲೇ, ಬಾಯಲ್ಲಿ ನಳಿಕೆಯಿಲ್ಲದೆ, ಒಂದು ಮಧ್ಯಾಹ್ನ ನಿದ್ದೆಯಲ್ಲಿ ಹೋದ. ಕೊನೆಯವರೆಗೂ ನನ್ನ ಸಾರು ತಿಂದು ಚಮಚವನ್ನು ಬಟ್ಟಲಿಗೆ ತಟ್ಟಲಿಲ್ಲ.

ಲೋಲೋ ಹೋದ ಮೇಲೂ ಗುರುವಾರದ ಸಾರನ್ನು ಮೆನುವಿನಿಂದ ತೆಗೆಯಲು ಸುಮಾ ಮೇಡಮ್ ಒಪ್ಪಲಿಲ್ಲ. “ಇರಲಿ ಬಿಡಿ ಶಮಶಾದ್ ಅವರೇ, ನನಗೂ ಈಗ ಆ ಸ್ಮೆಲ್ಲು ಅಭ್ಯಾಸ ಆಗಿದೆ,” ಅಂದರು. ಫ್ರಿಜ್ಜನ್ನು ನಾನು ಕೆಲಸ ಬಿಟ್ಟ ವಾರ ಬದಲಾಯಿಸಿದರು.

ನಸ್ರೀನ್, ಹೇಗೆ ಮಾಡುವುದು ಎಂದು ನೀನು ಕೇಳಿದ್ದೆ. ಹೀಗೆ. ಕೋಳಿಗೆ ಅರಿಶಿನ ಹಚ್ಚಬೇಡ. ಈರುಳ್ಳಿ ಕೆಂಪಾಗಿಸಬೇಡ. ಡಬ್ಬಿಯ ಹಾಲು ಬೇಡ, ಎಷ್ಟೇ ಪ್ರೀತಿಯಿಂದ ಕೊಟ್ಟರೂ ಬೇಡ. ಶುಂಠಿ ಉದ್ದಕ್ಕೆ. ಗಟ್ಟಿ ಹಾಲು ಹಾಕಿದ ಮೇಲೆ ಎಣ್ಣೆ ಕಣ್ಣು ಬಿಡುವವರೆಗೆ ಪಾತ್ರೆಯ ಮುಂದಿನಿಂದ ಕದಲಬೇಡ, ಯಾರು ಕರೆದರೂ. ನೀನು ಮಾಡಿದ್ದನ್ನು ತಿಂದವರು ಚೆನ್ನಾಗಿದೆ ಅನ್ನುತ್ತಾರೆ. ಅದು ನಿಜವೂ ಆಗಿರುತ್ತದೆ.

ಹೇಗಿರಬೇಕು ಎಂದು ಮಾತ್ರ ನನ್ನನ್ನು ಕೇಳಬೇಡ. ಅದರಲ್ಲಿ ಏನೋ ಕಡಿಮೆ ಇದೆ. ಏನೆಂದು ನನಗೆ ಗೊತ್ತಿಲ್ಲ.